ತಂತಿ ಎಳೆಯುವ ಮುನ್ನ ಊರನ್ನು ಕೇಳಿ

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ನಾವು ಕರೆಂಟಿನ ವಿರೋಧಿಗಳಲ್ಲ. ನಮ್ಮ ಪಂಪ್‌ಸೆಟ್ಟು ಓಡಬೇಕು, ಮಕ್ಕಳು ರಾತ್ರಿ ಓದಬೇಕು, ಕಾಸರಗೋಡಿನ ಮನೆಯಲ್ಲೂ ದೀಪ ಉರಿಯಬೇಕು. ಲೈನೇ ಬೇಡ ಎಂದು ಕೂಗುವುದಕ್ಕೆ ನಾವಿಲ್ಲಿ ಸೇರಿಲ್ಲ. ಲೈನು ಎಲ್ಲಿ ಹಾದುಹೋಗಬೇಕು ಎಂದು ತೀರ್ಮಾನಿಸುವಾಗ ಆ ನೆಲದ ಮೇಲೆ ಬದುಕುವವನನ್ನು ಒಂದು ಮಾತು ಕೇಳಿದಿರಾ ಎಂಬುದಷ್ಟೇ ನಮ್ಮ ಪ್ರಶ್ನೆ. ಇಷ್ಟು ಸಣ್ಣ ಪ್ರಶ್ನೆಗೆ ಪೊಲೀಸ್ ಜೀಪು ಬರುತ್ತದೆ ಎಂದರೆ ಪ್ರಶ್ನೆ ಸಣ್ಣದಲ್ಲ ಎಂದೇ ಅರ್ಥ.

ಈ ಕಥೆ ನಿನ್ನೆ ಮೊನ್ನೆಯದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಉದ್ದದ ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಮೈಸೂರು ಸೀಮೆಗೆ ಹೆಮ್ಮೆಯ ಸಂಗತಿ, ಇಲ್ಲವೆನ್ನುವುದಿಲ್ಲ. ಆದರೆ ಕಾವೇರಿಯ ನೀರಿನಿಂದ ಹುಟ್ಟಿದ ಆ ಕರೆಂಟು ಮೊದಲು ಹೋದದ್ದು ಇಂಗ್ಲಿಷ್ ಕಂಪನಿಯ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ತಂತಿಯ ಕೆಳಗೆ ರಾಗಿ ಬೆಳೆಯುತ್ತಿದ್ದ ಹಳ್ಳಿಯವರು ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಕಳೆದರು. ಮುಂದೆ ಶರಾವತಿ ಕಣಿವೆಯಲ್ಲಿ ಮುಳುಗಡೆಯಾದವರ ಪಾಡೂ ಅದೇ. ತಲೆಯ ಮೇಲೆ ತಂತಿ, ಮನೆಯೊಳಗೆ ಕತ್ತಲೆ.

ಈಗ ಕಾನೂನಿಗೆ ಬರೋಣ. ನಿಮ್ಮ ಗದ್ದೆಯಲ್ಲಿ ಟವರ್ ನಿಲ್ಲಿಸಲು ಯಾವ ಕಾನೂನು ಬಳಸುತ್ತಾರೆ ಗೊತ್ತೇ? 1885ರ ಟೆಲಿಗ್ರಾಫ್ ಕಾಯ್ದೆ! ಬ್ರಿಟಿಷರು ತಂತಿ ಸುದ್ದಿ ಕಳಿಸಲು ಬಡಿಗೆಯಂಥ ಕಂಬ ನೆಡುತ್ತಿದ್ದ ಕಾಲದ ಕಾನೂನು. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ನಿನಡಿ ಸರ್ಕಾರ ಒಂದು ಆದೇಶ ಹೊರಡಿಸಿದರೆ ಸಾಕು, ಆ ಟೆಲಿಗ್ರಾಫ್ ಅಧಿಕಾರವೆಲ್ಲ ಲೈನ್ ಎಳೆಯುವ ಕಂಪನಿಯ ಕೈಗೆ ಬರುತ್ತದೆ. ಆಮೇಲೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಇದು ನನ್ನ ಮಾತಲ್ಲ, 2016ರ ಡಿಸೆಂಬರಿನಲ್ಲಿ ಪವರ್ ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು. ನೀವು ಅಡ್ಡ ನಿಂತರೆ 16ನೇ ಸೆಕ್ಷನ್ನಿನಡಿ ಜಿಲ್ಲಾಧಿಕಾರಿ ಆದೇಶ ಮಾಡಬಹುದು. ದೇಶದಲ್ಲಿ ಟೆಲಿಗ್ರಾಂ ಸೇವೆಯೇ 2013ರ ಜುಲೈಯಲ್ಲಿ ಕಣ್ಣು ಮುಚ್ಚಿತು. 2023ರ ದೂರಸಂಪರ್ಕ ಕಾಯ್ದೆ ಬಂದು ಆ ಹಳೆಯ ಕಾನೂನನ್ನೇ ರದ್ದು ಮಾಡುವ ಏರ್ಪಾಟಾಯಿತು. ಆದರೆ ವಿದ್ಯುತ್ ಲೈನಿನ ಮಟ್ಟಿಗೆ ಮಾತ್ರ ಅದರ ಮೂರನೇ ಭಾಗವನ್ನು ಜೋಪಾನವಾಗಿ ಉಳಿಸಿಕೊಂಡರು. ಸತ್ತ ತಂತಿಯ ಭೂತ ನಮ್ಮ ತೋಟದಲ್ಲಿ ಕುಣಿಯುತ್ತಿದೆ.

ಇಷ್ಟೇ ಅಲ್ಲ. ಒಂದು ಕಲ್ಲುಗಣಿಗೆ, ಒಂದು ಕಾರ್ಖಾನೆಗೆ ಪರಿಸರ ಅನುಮತಿ ಕೇಳುತ್ತಾರೆ, ಸಾರ್ವಜನಿಕ ಅಹವಾಲು ಸಭೆ ಎಂಬುದೊಂದನ್ನು ಶಾಸ್ತ್ರಕ್ಕಾದರೂ ನಡೆಸುತ್ತಾರೆ. 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ ಮಾರ್ಗದ ಹೆಸರೇ ಇಲ್ಲ. ಆದ್ದರಿಂದ ಸಭೆಯೂ ಇಲ್ಲ. ಕಾಡಿನಲ್ಲಿ ಬದುಕುವವರಿಗೆ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಇತ್ತಲ್ಲ, ಅದರ ಒಪ್ಪಿಗೆಯಿಂದಲೂ ರಸ್ತೆ, ಕಾಲುವೆ, ವಿದ್ಯುತ್ ಮಾರ್ಗದಂಥ ಉದ್ದುದ್ದ ಯೋಜನೆಗಳಿಗೆ 2013ರ ಫೆಬ್ರವರಿಯಲ್ಲಿ ಕೇಂದ್ರದ ಒಂದು ಸುತ್ತೋಲೆ ವಿನಾಯಿತಿ ಕೊಟ್ಟಿತು.

ಹಾಗಾದರೆ ಜನರಿಗೆ ಹೇಳುವುದೇ ಇಲ್ಲವೇ? ಹೇಳುತ್ತಾರೆ. ಪತ್ರಿಕೆಯ ಮೂಲೆಯಲ್ಲಿ ಒಂದು ಪ್ರಕಟಣೆ ಬರುತ್ತದೆ. ಲೈನು ಹಾಯುವ ಹಳ್ಳಿಗಳ ಪಟ್ಟಿ, ಎರಡು ತಿಂಗಳೊಳಗೆ ಆಕ್ಷೇಪಣೆ ಕಳಿಸಿ ಎಂಬ ಒಂದು ಸಾಲು. ಯಾವ ಸರ್ವೆ ನಂಬರು, ಯಾರ ತೋಟ, ಟವರ್ ಎಲ್ಲಿ ಎಂದು ಆ ಪಟ್ಟಿ ನೋಡಿ ತಿಳಿಯುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ಎಂಟು ನೂರು ಎಕರೆ ಇರುವ ಊರಿನ ಹೆಸರು ಒಂದೇ ಪದದಲ್ಲಿ ಮುಗಿದುಹೋಗುತ್ತದೆ. ಆಕ್ಷೇಪಣೆ ಕಳಿಸಬೇಕಾದ ವಿಳಾಸ ದೂರದ ಊರಿನದು, ಕಂಪನಿಯ ಕಾಗದ ಇಂಗ್ಲಿಷಿನಲ್ಲಿ. ನಕ್ಷೆ ಕೇಳಿದರೆ ಅದೂ ಇಂಗ್ಲಿಷ್. ಅರವತ್ತು ದಿನದಲ್ಲಿ ಅರ್ಥವಾಗದ ಭಾಷೆಯಲ್ಲಿ ಕಾಣದ ನಕ್ಷೆಗೆ ಆಕ್ಷೇಪಣೆ ಬರೆಯಬೇಕು!

ಇನ್ನೂ ದೊಡ್ಡ ಮೋಸ ಇರುವುದು ಕಾಲದಲ್ಲಿ. ಇವತ್ತು ದೊಡ್ಡ ಲೈನುಗಳನ್ನು ಟೆಂಡರಿನಲ್ಲಿ ಕೊಡುತ್ತಾರೆ. ವರ್ಷಕ್ಕೆ ಅತಿ ಕಡಿಮೆ ಶುಲ್ಕಕ್ಕೆ ಲೈನ್ ಕಟ್ಟಿ ನಡೆಸುತ್ತೇನೆ ಎಂದವನಿಗೆ ಕೆಲಸ. ಆ ಲೆಕ್ಕ ಹಾಕುವ ಹೊತ್ತಿಗೆ ಮಾರ್ಗದ ಅಂದಾಜು ನಕ್ಷೆ ಆಗಲೇ ಸಿದ್ಧವಾಗಿರುತ್ತದೆ. ಕಂಪನಿ ಗೆದ್ದಮೇಲೆ ಸರ್ವೆಯವರು ಊರಿಗೆ ಬರುತ್ತಾರೆ, ಆಗ ನಾವು ಎದ್ದು ನಿಲ್ಲುತ್ತೇವೆ. ಅಷ್ಟರಲ್ಲಿ ಹಣ ನಿಗದಿಯಾಗಿದೆ, ಗಡುವು ನಿಗದಿಯಾಗಿದೆ. ಎರಡು ಕಿಲೋಮೀಟರ್ ಬಳಸಿ ಹೋಗಿ ಎಂದರೆ ಆ ಎರಡು ಕಿಲೋಮೀಟರಿನ ಖರ್ಚು ಕಂಪನಿಯ ಲಾಭದಿಂದ ಹೋಗಬೇಕು. ಹೀಗಿರುವಾಗ ಅವರು ನಮ್ಮ ಮಾತು ಕೇಳುವುದುಂಟೇ? ಊರವರನ್ನು ಕೇಳಬೇಕಾದದ್ದು ಟೆಂಡರಿಗೆ ಮೊದಲು. ಆಮೇಲೆ ನಡೆಸುವುದು ಸಮಾಲೋಚನೆಯಲ್ಲ, ಸಮಾಧಾನ.

ನಮ್ಮ ಕರಾವಳಿಯನ್ನೇ ನೋಡಿ. ಉಡುಪಿ ಜಿಲ್ಲೆಯ ನಂದಿಕೂರು, ಎಲ್ಲೂರಿನ ಕಡೆಯಿಂದ ಕಾಸರಗೋಡು ಜಿಲ್ಲೆಯ ಕರಿಂದಳಕ್ಕೆ ನೂರು ಕಿಲೋಮೀಟರಿಗೂ ಮೀರಿದ 400 ಕೆ.ವಿ. ಲೈನು. 2019ರಲ್ಲಿ ಟೆಂಡರಿನಲ್ಲಿ ಖಾಸಗಿ ಕಂಪನಿಗೆ ಹೋಯಿತು. ಕಾರ್ಕಳ ತಾಲ್ಲೂಕಿನ ಇನ್ನಾದಿಂದ ಹಿಡಿದು ವಿಟ್ಲದ ಕಡೆಯವರೆಗೆ ರೈತರು ಬೀದಿಗೆ ಬಂದರು. ಯಾಕೆ ಬಂದರು ಎಂದು ಬೆಂಗಳೂರಿನಲ್ಲಿ ಕುಳಿತವರಿಗೆ ಅರ್ಥವಾಗುವುದಿಲ್ಲ, ಅದಕ್ಕೆ ಸ್ವಲ್ಪ ಲೆಕ್ಕ ಹೇಳುತ್ತೇನೆ.

400 ಕೆ.ವಿ. ಲೈನಿಗೆ 46 ಮೀಟರ್ ಅಗಲದ ದಾರಿ ಬೇಕು. ಒಂದು ಕಿಲೋಮೀಟರಿಗೆ ಹನ್ನೊಂದು ಎಕರೆಯ ಮೇಲಾಯಿತು. ಬಯಲುಸೀಮೆಯಲ್ಲಾದರೆ ತಂತಿಯ ಕೆಳಗೆ ಜೋಳ, ಕಡಲೆ, ರಾಗಿ ಬೆಳೆಯಬಹುದು. ಬೋರ್‌ವೆಲ್ ಲಾರಿ ನಿಲ್ಲಿಸುವಂತಿಲ್ಲ, ಮನೆ ಕಟ್ಟುವಂತಿಲ್ಲ ಎಂಬ ಕಷ್ಟ ಅಲ್ಲಿಯೂ ಇದ್ದೇ ಇದೆ. ನಮ್ಮಲ್ಲಿ? ಒಂದು ಎಕರೆಗೆ ಐನೂರರ ಮೇಲೆ ಅಡಿಕೆ ಮರ. ನೆಲದಿಂದ ತಂತಿಗೆ ಇರಬೇಕಾದ ಕನಿಷ್ಠ ಎತ್ತರ ಸುಮಾರು 9 ಮೀಟರ್, ಬೆಳೆದ ಅಡಿಕೆ ಮರ ಅದಕ್ಕಿಂತ ಎಷ್ಟೋ ಎತ್ತರ. ಅಲ್ಲಿಗೆ ಕೊಡಲಿ ಬಿತ್ತು ಎಂದೇ ಲೆಕ್ಕ. ಅಡಿಕೆ, ತೆಂಗು ಹೋದಮೇಲೆ ಅದರ ಮೇಲೆ ಹಬ್ಬಿದ ಕರಿಮೆಣಸೂ ಹೋಯಿತು. ಅಂಚಿನಲ್ಲಿ ಉಳಿದ ಮರಗಳ ಕೊಯ್ಲಿಗೆ ಈಗ ಎಲ್ಲರೂ ಕಾರ್ಬನ್ ಫೈಬರ್ ದೋಟಿ ಹಿಡಿಯುತ್ತಾರೆ. ಅದು ಕರೆಂಟು ಹರಿಯುವ ವಸ್ತು. ಆ ದೋಟಿ ಹಿಡಿದ ಕೂಲಿಯವನು ತಂತಿಯ ಹತ್ತಿರ ಹೋದರೆ ಅವನ ಮನೆಯವರಿಗೆ ಉತ್ತರ ಹೇಳುವವರು ಯಾರು?

ಇನ್ನು ಸುರಂಗ. ವಿಟ್ಲ, ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ನಮ್ಮ ಹಿರಿಯರು ಲ್ಯಾಟರೈಟ್ ಕಲ್ಲು ಕೊರೆದು ಅಡ್ಡಕ್ಕೆ ಸುರಂಗ ತೋಡಿ ನೀರು ತಂದರು. ಪಂಪಿಲ್ಲದೆ, ಕರೆಂಟಿಲ್ಲದೆ ಆ ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಉಪಗ್ರಹದ ಚಿತ್ರದಲ್ಲಿ ಸುರಂಗ ಕಾಣುತ್ತದೆಯೇ? ಅದು ಎಲ್ಲಿ ಬಾಗಿದೆ, ಎಷ್ಟು ಕೋಲು ಒಳಗೆ ಹೋಗಿದೆ ಎಂದು ಬಲ್ಲವರು ಆ ಮನೆಯ ಅಜ್ಜ, ಇಲ್ಲವೇ ಅದನ್ನು ತೋಡಿದ ಕೆಲಸಗಾರ. ಅದೇ ಗುಡ್ಡದ ನೆತ್ತಿಯಲ್ಲಿ ಟವರಿನ ಅಡಿಪಾಯ ತೆಗೆಯುವವನು ಈ ಇಬ್ಬರನ್ನು ಕೇಳಬೇಕು ತಾನೇ? ಕೇಳಿದರೆ ಟವರನ್ನು ಐವತ್ತು ಅಡಿ ಆಚೆ ಸರಿಸಿ ಎಂದಷ್ಟೇ ಅವರು ಹೇಳಿಯಾರು. ನಾಗಬನ, ಕಾಲುಸಂಕ, ಮಳೆಗಾಲದಲ್ಲಿ ಜರಿಯುವ ಬರೆ, ಇವೆಲ್ಲ ಊರವರ ತಲೆಯೊಳಗಿನ ನಕ್ಷೆ. ಯಾವ ಇಂಜಿನಿಯರಿಗೂ ಬಿಟ್ಟಿಯಾಗಿ ಸಿಗುವಂಥದ್ದು, ಕೇಳುವ ಮನಸ್ಸಿದ್ದರೆ.

ಪರಿಹಾರದ ಮಾತಿಗೆ ಬಂದರೆ, 1885ರ ಕಾನೂನೇ ಕಡಿಮೆ ಹಾನಿ ಮಾಡಬೇಕು, ಪೂರ್ಣ ಪರಿಹಾರ ಕೊಡಬೇಕು ಎಂದಿದೆ. 2015ರಲ್ಲಿ ಕೇಂದ್ರದ ಮಾರ್ಗಸೂಚಿ ಟವರಿನ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15 ಎಂದಿತು. 2024ರ ಜೂನ್‌ನಲ್ಲಿ ಅದನ್ನು ಪರಿಷ್ಕರಿಸಿ ಶೇ. 200 ಮತ್ತು ಶೇ. 30 ಮಾಡಿದರು. 2025ರಲ್ಲಿ ಮತ್ತೊಂದು ತಿದ್ದುಪಡಿ ಬಂದು, ತಂತಿಯ ಕೆಳಗಿನ ಪಟ್ಟಿಗೆ ಮಹಾನಗರದಲ್ಲಿ ಶೇ. 60, ಹಳ್ಳಿಯಲ್ಲಿ ಶೇ. 30 ಎಂದಾಯಿತು. ಅದೇ ತಂತಿ, ಅದೇ ಕರೆಂಟು! ಅದೂ ಮಾರ್ಗಸೂಚಿ ಮಾತ್ರ, ರಾಜ್ಯ ಒಪ್ಪಿಕೊಂಡರೆ ಉಂಟು. ಮಾರುಕಟ್ಟೆಯಲ್ಲಿ ಒಂದು ಬೆಲೆ, ಸರ್ಕಾರದ ಪುಸ್ತಕದಲ್ಲಿ ಇನ್ನೊಂದು ಬೆಲೆ ಎಂಬುದು ನಿಮಗೆಲ್ಲ ಗೊತ್ತಿದ್ದದ್ದೇ.

ಜಮೀನು ನಿಮ್ಮ ಹೆಸರಿನಲ್ಲೇ ಇರುತ್ತದೆ, ನಾವು ಬಳಸುತ್ತೇವೆ ಅಷ್ಟೇ ಎನ್ನುತ್ತಾರೆ. ಒಳ್ಳೆಯದು, ಬಳಸುವವನು ಬಾಡಿಗೆ ಕೊಡಬೇಡವೇ? ಪಾವಗಡದ ಸೋಲಾರ್ ಪಾರ್ಕಿನಲ್ಲಿ ರೈತರಿಂದ ಸುಮಾರು 13,000 ಎಕರೆ ಕೊಂಡುಕೊಳ್ಳಲಿಲ್ಲ, ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಅಲ್ಲಿ ಜಮೀನಿಲ್ಲದ ಕೂಲಿಕಾರನಿಗೆ ಏನು ಸಿಕ್ಕಿತು ಎಂಬುದು ಬೇರೆಯೇ ನೋವಿನ ಕಥೆ. ಆದರೂ ಕರೆಂಟು ಹುಟ್ಟುವ ಹೊಲಕ್ಕೆ ವರ್ಷ ವರ್ಷ ಹಣ, ಕರೆಂಟು ಹಾಯುವ ಹೊಲಕ್ಕೆ ಒಂದೇ ಸಲದ ಚೆಕ್ಕು, ಇದು ಯಾವ ನ್ಯಾಯ? ಕಂಪನಿಗೆ ವರ್ಷ ವರ್ಷ ಶುಲ್ಕ ಬರುವುದಾದರೆ ರೈತನಿಗೂ ವರ್ಷ ವರ್ಷ ಬರಲಿ.

ಬೇರೆ ದಾರಿಯೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಗೋವಾಕ್ಕೆ ಹೋಗುವ 400 ಕೆ.ವಿ. ಲೈನು ಮೊಲ್ಲೆಂ ಕಾಡನ್ನು ಹೊಸದಾಗಿ ಸೀಳಿ ಹೋಗಬೇಕು ಎಂದಿತ್ತು. 2020ರಲ್ಲಿ ಗೋವಾದ ಜನ, ಅದರಲ್ಲೂ ಹುಡುಗ ಹುಡುಗಿಯರು, ಎದ್ದು ನಿಂತರು. 2021ರಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ ಈಗಿರುವ 220 ಕೆ.ವಿ. ಲೈನಿನ ಜಾಡನ್ನೇ ಬಳಸಿ ಎಂದು ಶಿಫಾರಸು ಮಾಡಿತು, ಮರುವರ್ಷ ಕೋರ್ಟೂ ಒಪ್ಪಿತು. ಆ ಜಾಡು ಮೊದಲೂ ಅಲ್ಲೇ ಇತ್ತಲ್ಲವೇ? ಕೊಡಗಿನವರಿಗೆ ಆ ಅದೃಷ್ಟ ಇರಲಿಲ್ಲ. ಮೈಸೂರು-ಕೋಳಿಕ್ಕೋಡು ಲೈನಿಗಾಗಿ 2015ರಲ್ಲಿ ಅಲ್ಲಿ ಉರುಳಿದ ಮರಗಳು 50,000ಕ್ಕೂ ಹೆಚ್ಚು ಎಂದು ಆಗ ಪತ್ರಿಕೆಗಳು ಬರೆದವು.

ನೆಲದೊಳಗೆ ಕೇಬಲ್ ಹಾಕಿ ಎಂದರೆ ನಗುತ್ತಾರೆ. ತಮಿಳುನಾಡಿನ ಪುಗಳೂರಿನಿಂದ ಕೇರಳದ ತ್ರಿಶೂರಿಗೆ ಹೋಗುವ 2,000 ಮೆಗಾವಾಟಿನ ಲೈನು 2021ರಲ್ಲಿ ಉದ್ಘಾಟನೆಯಾಯಿತು. ಕೇರಳದೊಳಗೆ ಸುಮಾರು 27 ಕಿಲೋಮೀಟರ್ ಅದು ನೆಲದಡಿಯಲ್ಲೇ ಹೋಗುತ್ತದೆ. ನಿಜ, ಅದು ಏಕಮುಖ ವಿದ್ಯುತ್ತಿನ ತಂತ್ರ. ನಮ್ಮ ಲೈನಿನಂಥ ಪರ್ಯಾಯ ವಿದ್ಯುತ್ತನ್ನು ಬಹಳ ದೂರ ನೆಲದಡಿ ಒಯ್ಯುವುದು ಕಷ್ಟ, ಖರ್ಚೂ ಹಲವು ಪಟ್ಟು. ನಾವು ಸುಳ್ಳು ಹೇಳಿ ಗೆಲ್ಲಬೇಕಿಲ್ಲ. ಆದರೆ ಊರು ದಟ್ಟವಾಗಿರುವ, ತೋಟ ತುಂಬಿರುವ ನಾಲ್ಕಾರು ಕಿಲೋಮೀಟರಿಗಾದರೂ ಆಗುತ್ತದೆಯೇ ಇಲ್ಲವೇ, ಎಷ್ಟು ಖರ್ಚು ಎಂಬ ಲೆಕ್ಕವನ್ನು ನಮ್ಮ ಮುಂದೆ ಇಡಲಿ.

ಇಲ್ಲಿ ಇನ್ನೊಂದು ಖಾರದ ಮಾತು. ಇದನ್ನು ಮಲಯಾಳಿಗಳ ವಿರುದ್ಧದ ಜಗಳ ಮಾಡಲು ಕೆಲವರಿಗೆ ಆಸೆ. ಆ ಲೈನು ಹೋಗುವ ಕಾಸರಗೋಡಿನಲ್ಲಿ 1956ರಿಂದ ಗಡಿಯಾಚೆ ಉಳಿದ ನಮ್ಮದೇ ಕನ್ನಡಿಗರಿದ್ದಾರೆ, ಅಲ್ಲಿಯ ತೋಟದವನಿಗೂ ಇದೇ ಗೋಳು. ಅವನನ್ನೂ ಈ ಸಭೆಗೆ ಕರೆಯಿರಿ. ಹಾಗೆಯೇ ನಮ್ಮೊಳಗಿನ ಕಳ್ಳತನವನ್ನೂ ನೋಡಿಕೊಳ್ಳೋಣ. ಶಾಸಕರ ಗುರ್ತ ಇರುವವನು ಲೈನನ್ನು ತನ್ನ ತೋಟದಿಂದ ಪಕ್ಕದ ಐದು ಸೆಂಟ್ಸಿನ ಕಾಲೊನಿಯ ಮೇಲೆ ತಳ್ಳಿದರೆ ಅದು ಹೋರಾಟವಲ್ಲ. ಮಾರ್ಗ ಬದಲಾವಣೆ ಆಗುವುದಾದರೆ ಎಲ್ಲರ ಕಣ್ಣೆದುರು, ಗ್ರಾಮಸಭೆಯಲ್ಲಿ ಆಗಬೇಕು.

ಈಗ ಕೆಲಸದ ಮಾತು. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ನಮಗೆ ಗ್ರಾಮಸಭೆ ಇದೆ. ಲೈನಿನ ಪಟ್ಟಿಯಲ್ಲಿ ಊರಿನ ಹೆಸರು ಬಂದ ವಾರದೊಳಗೆ ವಿಶೇಷ ಗ್ರಾಮಸಭೆ ಕರೆಯಲು ಅರ್ಜಿ ಕೊಡಿ. ಕನಿಷ್ಠ ಮೂರು ಮಾರ್ಗಗಳ ನಕ್ಷೆ, ಪ್ರತಿಯೊಂದರ ಸರ್ವೆ ನಂಬರು, ಎರಡನ್ನು ಯಾಕೆ ಬಿಟ್ಟರು ಎಂಬ ಕಾರಣ, ಎಲ್ಲವನ್ನೂ ಕನ್ನಡದಲ್ಲಿ ಕೇಳಿ. 1963ರಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಜಿಲ್ಲಾಧಿಕಾರಿ ರಾಜ್ಯದ ಅಧಿಕಾರಿ, 16ನೇ ಸೆಕ್ಷನ್ನಿನ ಆದೇಶ ಇಂಗ್ಲಿಷಿನಲ್ಲಿ ಬಂದರೆ ಕನ್ನಡದ ಪ್ರತಿ ಕೊಡುವವರೆಗೆ ಬಿಡಬೇಡಿ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ, ಮುಂಗಡ ಚೆಕ್ಕು ತಂದವನಿಗೆ ಕಾಫಿ ಕೊಟ್ಟು ಕಳಿಸಿ. ಪರಿಹಾರ ಕಡಿಮೆಯಾದರೆ ಅದೇ 16ನೇ ಸೆಕ್ಷನ್ನಿನಲ್ಲಿ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗುವ ದಾರಿಯೂ ಇದೆ. ಅಲ್ಲಿ ಬೇಕಾಗುವುದು ಕಣ್ಣೀರಲ್ಲ, ದಾಖಲೆ. ಆದ್ದರಿಂದ ಸರ್ವೆಯವರು ಬರುವ ಮೊದಲೇ ಪಹಣಿ ತೆಗೆಸಿಡಿ, ಮರಗಳನ್ನು ಎಣಿಸಿ ಸಂಖ್ಯೆ ಬರೆಯಿರಿ, ಅವುಗಳ ವಯಸ್ಸು ಬರೆಯಿರಿ, ಅಡಿಕೆ ಮಾರಿದ ಮೂರು ವರ್ಷದ ಚೀಟಿ ಜೋಡಿಸಿಡಿ, ಸುರಂಗ, ಬಾವಿ, ಬೋರ್‌ವೆಲ್‌ಗಳ ಫೋಟೋ ತೆಗೆದಿಡಿ. ಅಕ್ಷರ ಬಾರದ ಅಜ್ಜಿಯ ಮನೆಗೆ ಕಾಲೇಜಿಗೆ ಹೋಗುವ ಹುಡುಗರು ಹೋಗಿ ಆ ಅರ್ಜಿ ಬರೆದುಕೊಡಲಿ. ಸಭೆ ಮುಗಿದ ಕೂಡಲೇ ಬಾಗಿಲ ಬಳಿ ಮಾದರಿ ಅರ್ಜಿಗಳನ್ನು ಕೊಡುತ್ತಾರೆ, ಮನೆಗೊಂದರಂತೆ ತೆಗೆದುಕೊಂಡು ಹೋಗಿ.