ಸಿಹಿ ಹಂಚಿದ ಗೆಳೆಯ



ಸಡಾದ ನಮ್ಮ ಹುಡುಗರಿಗೆ ಚಾರ್ಲ್ಸ್ ಶೋಭರಾಜನೆಂದರೆ ಶೂರ. ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿದನಂತೆ! ಹಾಗಾದರೆ ಅವನ ಕಸುಬೇನೆಂದು ನೋಡೋಣ.

1970ರ ದಶಕದಲ್ಲಿ ಏಷ್ಯಾ ಸುತ್ತಲು ಬಂದ ವಿದೇಶೀ ಯುವಕರನ್ನು ಅವನು ಗೆಳೆಯನಂತೆ ಮಾತನಾಡಿಸುವನು, ಉಣ್ಣಿಸುವನು, ಮಲಗಲು ಜಾಗ ಕೊಡುವನು. ಬಳಿಕ ಔಷಧಿಯ ನೆಪದಲ್ಲಿ ಮತ್ತು ಬರಿಸಿ ಹಣವನ್ನೂ ಪಾಸ್‌ಪೋರ್ಟನ್ನೂ ದೋಚುವನು. ಕೆಲವರು ಹೆಣವಾದರು. ಸತ್ತವನ ಪಾಸ್‌ಪೋರ್ಟಿನಲ್ಲೇ ಗಡಿ ದಾಟಿದ್ದೂ ಉಂಟು. ಮುಂಗಡ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೇಸ್ತ್ರಿಯನ್ನು ತೋಟದಲ್ಲಿ ಕಂಡ ನಮಗೆ ಇಂಥ ಪ್ರೀತಿ ಹೊಸದಲ್ಲ.

1976ರಲ್ಲಿ ದೆಹಲಿಯಲ್ಲಿ ಫ್ರೆಂಚ್ ವಿದ್ಯಾರ್ಥಿಗಳಿಗೆ ಮಾತ್ರೆ ಕೊಟ್ಟಾಗ, ಅವರು ಹೋಟೆಲಿನಲ್ಲೇ ಕುಸಿದುಬಿದ್ದುದರಿಂದ ಸಿಕ್ಕಿಬಿದ್ದ. ತಿಹಾರ್ ಜೈಲು ಸೇರಿದ. 1986ರ ಮಾರ್ಚ್ 16ರಂದು ಹುಟ್ಟುಹಬ್ಬವೆಂದು ಹೇಳಿ ಕಾವಲುಗಾರರಿಗೆ ಸಿಹಿ ಹಂಚಿದ. ತಿಂದವರು ನಿದ್ದೆಹೋದರು, ಅವನು ಹೊರನಡೆದ. ಆ ಕಾವಲುಗಾರರೂ ನಮ್ಮಂತೆ ಸಂಬಳಕ್ಕೆ ದುಡಿಯುವವರು. ಅವರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮ ಹುಡುಗರು ಬಲ್ಲರೇ?

ಏಪ್ರಿಲ್ 6ರಂದು ಇಲ್ಲೇ ಗೋವಾದಲ್ಲಿ, ಮಾಂಡವಿಯಾಚೆಯ ಪರ್ವರಿಯ ಹೋಟೆಲಿನಲ್ಲಿ, ಮುಂಬಯಿಯ ಇನ್ಸ್‌ಪೆಕ್ಟರ್ ಮಧುಕರ ಝೆಂಡೆ ಅವನನ್ನು ಹಿಡಿದರು. 1971ರಲ್ಲಿ ಹಿಡಿದವರೂ ಅವರೇ. ಬೇಕೆಂದೇ ಜೈಲವಧಿ ಬೆಳೆಸಿಕೊಂಡನೆಂಬ ಮಾತುಂಟು. ಬಿಡುಗಡೆಯಾದರೆ ಥಾಯ್ಲೆಂಡಿನಲ್ಲಿ ಮರಣದಂಡನೆಯ ಭಯವಿತ್ತು.

1997ರಲ್ಲಿ ಹೊರಬಂದ. 2003ರಲ್ಲಿ, ಹಳೆಯ ಕೊಲೆ ಮೊಕದ್ದಮೆ ಇದ್ದ ಕಾಠ್ಮಂಡುವಿಗೆ ತಾನಾಗಿ ಹೋಗಿ ಸಿಕ್ಕಿಬಿದ್ದ. ಜೀವಾವಧಿ ಶಿಕ್ಷೆಯಾಯಿತು. 2022ರ ಡಿಸೆಂಬರಿನಲ್ಲಿ ನೇಪಾಳದ ಸುಪ್ರೀಂ ಕೋರ್ಟು ಬಿಟ್ಟಾಗ ಅವನಿಗೆ 78 ವರ್ಷ.