ವಕೀಲರ ಮನೆಯ ಹತ್ತು ವರ್ಷ



ಹೊಟ್ಟೆಪಾಡಿಗೆ ಅಹಮದಾಬಾದಿಗೆ ಬಂದ ನಾವು ಇಲ್ಲಿನ ಗಿರಣಿಗಳನ್ನು ಬಲ್ಲೆವು, ಚಾಳುಗಳನ್ನು ಬಲ್ಲೆವು. ಇಲ್ಲಿ ಬಾಳಿದ ಹಿರಿಯರನ್ನು ಅಷ್ಟಾಗಿ ಅರಿಯೆವು. ಅವರಲ್ಲೊಬ್ಬರಾದ ರಮಣಭಾಯಿ ನೀಲಕಂಠರ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

1868ರಲ್ಲಿ ಹುಟ್ಟಿ 1928ರಲ್ಲಿ ತೀರಿಕೊಂಡ ರಮಣಭಾಯಿಯವರು ಈ ಊರಿನ ಹೆಸರಾಂತ ವಕೀಲರು, ನಗರಸಭೆಯ ಅಧ್ಯಕ್ಷರಾಗಿದ್ದವರು. 1900ರಲ್ಲಿ ಪ್ರಕಟವಾದ ಅವರ ‘ಭದ್ರಂಭದ್ರ’ ಕಾದಂಬರಿ ಕುರುಡು ಸಂಪ್ರದಾಯವನ್ನು ನಗೆಗೀಡು ಮಾಡಿತು.

ಸ್ತ್ರೀವಿದ್ಯೆ ಬೇಕೆಂದು ಸಭೆಯಲ್ಲಿ ಹೇಳುವುದು ಸುಲಭ. ಇವರು ಆ ಮಾತನ್ನು ಮೊದಲು ಸ್ವಂತ ಮನೆಯಲ್ಲಿ ನಡೆಸಿದರು. 1889ರಲ್ಲಿ ಅವರ ಕೈಹಿಡಿದಾಗ ವಿದ್ಯಾಗೌರಿಯವರಿಗೆ ಹದಿಮೂರು ವರ್ಷ. ಮದುವೆಯಾಯಿತೆಂದರೆ ಹುಡುಗಿಯ ಓದು ಮುಗಿಯಿತೆಂದೇ ಜನ ತಿಳಿಯುತ್ತಿದ್ದ ಕಾಲ. ಆದರೆ ಗಂಡ ಓದು ನಿಲ್ಲಗೊಡಲಿಲ್ಲ. 1891ರಲ್ಲಿ ಮೆಟ್ರಿಕ್ ಆಯಿತು. ಮುಂದೆ ಸಂಸಾರ, ಬಸಿರು, ಬಾಣಂತನಗಳ ನಡುವೆ ಕಾಲೇಜಿನ ಓದು ನಿಂತು ನಿಂತು ಸಾಗಿ, 1901ರಲ್ಲಿ ಬಿ.ಎ. ಕೈಗೆ ಬಂತು. ಅದೇ ವರ್ಷ ತಂಗಿ ಶಾರದಾ ಮೆಹತಾ ಅವರೂ ತೇರ್ಗಡೆಯಾದರು. ಗುಜರಾತಿನ ಮೊದಲ ಇಬ್ಬರು ಮಹಿಳಾ ಪದವೀಧರರು ಈ ಅಕ್ಕತಂಗಿಯರೇ. ತಂಗಿ ಮೆಟ್ರಿಕ್ ಆದದ್ದು 1897ರಲ್ಲಿ. ಅಕ್ಕನಿಗೆ ಹತ್ತು ವರ್ಷ ಹಿಡಿದ ದಾರಿ ತಂಗಿಗೆ ನಾಲ್ಕೇ ವರ್ಷದಲ್ಲಿ ಸವೆಯಿತು.

ಕಲಿತ ವಿದ್ಯೆ ಮನೆಯೊಳಗೇ ಉಳಿಯಲಿಲ್ಲ. ಬಡೋದೆಯ ಮಹಾರಾಣಿ ಚಿಮಣಾಬಾಯಿಯವರು ಹೆಂಗಸರ ಸ್ಥಾನಮಾನವನ್ನು ಕುರಿತು 1911ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವನ್ನು ಅಕ್ಕತಂಗಿಯರು ಗುಜರಾತಿಗೆ ತಂದರು. 1943ರಲ್ಲಿ ವಿದ್ಯಾಗೌರಿಯವರು ಗುಜರಾತಿ ಸಾಹಿತ್ಯ ಪರಿಷತ್ತಿನ ಅಧ್ಯಕ್ಷಪೀಠವನ್ನೇರಿದರು.

ನಾವು ವಕೀಲರಲ್ಲ, ಆಳುಕಾಳು ಇಟ್ಟುಕೊಳ್ಳುವ ಅನುಕೂಲ ನಮಗಿಲ್ಲ, ನಿಜ. ನಮ್ಮ ಚಾಳುಗಳಲ್ಲಿ ಹುಡುಗಿಯ ಶಾಲೆ ತಪ್ಪುವುದು ಬರೀ ಫೀ ಸಲ್ಲದೆ ಅಲ್ಲ. ನೀರು ಹಿಡಿಯಲು, ತಮ್ಮನನ್ನು ಎತ್ತಿಕೊಳ್ಳಲು ಅವಳೇ ಬೇಕೆಂದು. ಆ ಕೊಡವನ್ನು ಅಣ್ಣ ಹೊರಬಹುದು. ಪಾಳಿ ಮುಗಿಸಿ ಬಂದ ಅಪ್ಪ ಕೂಸನ್ನು ಒಂದು ತಾಸು ಆಡಿಸಬಹುದು. ರಮಣಭಾಯಿಯವರು ಹೆಂಡತಿಯ ಓದಿಗಾಗಿ ಹತ್ತು ವರ್ಷ ತಾಳಿದರು. ನಾವು ಮಗಳಿಗಾಗಿ ದಿನಕ್ಕೊಂದು ತಾಸು ಬಿಟ್ಟುಕೊಡಲಾರೆವೇ?

ಈ ವಾಚನಾಲಯಕ್ಕೆ ಕಾಸು ಕೊಡಬೇಕಾಗಿಲ್ಲ. ಬರುವ ಭಾನುವಾರ ಮಗನ ಜೊತೆ ಮಗಳನ್ನೂ ಕರೆದುಕೊಂಡು ಬನ್ನಿ. ಇಷ್ಟೇ ನನ್ನ ಬಿನ್ನಹ.