ಕಲ್ಯಾಣದ ಮದುವೆ, ಜರ್ಮನಿಯ ಹಳ್ಳಿ
(ಕೊಳಕೂರದಲ್ಲಿ ಮಾಡಿದ ಭಾಷಣ)

ಕೊಳಕೂರದ ಬಂಧುಗಳೇ, ಪೇಟೆಯಿಂದ ಬಂದಿರುವ ಬೇಳೆ ಗಿರಣಿಯ ಗೆಳೆಯರೇ, ಅಂಗಡಿಕಾರ ಮಿತ್ರರೇ,

ನಾಟಕದ ಮೇಲೆ ನಾಲ್ಕು ಮಾತು ಆಡಿರೆಂದು ಕೇಳಿದಿರಿ. ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ಕಲ್ಯಾಣದ ಮದುವೆ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು, ಬಿಜ್ಜಳ ಬೀಗರಿಬ್ಬರನ್ನೂ ಕೊಲ್ಲಿಸಿದ ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ರಾಜನನ್ನು ಬೈಯುವುದು ಸುಲಭ. ಆ ಎರಡು ಮನೆಗಳ ಒಳಗೆ ಏನು ನಡೆದೀತು?

ಗಿರೀಶ ಕಾರ್ನಾಡರ ‘ತಲೆದಂಡ’ (1990) ಅದನ್ನು ಕೇಳುತ್ತದೆ. ಅಲ್ಲಿ ಬಸವಣ್ಣನೇ ಮೊದಲು ಅಳುಕುತ್ತಾನೆ. ಹೆತ್ತ ತಾಯಿಗೆ, ತೊಗಲಿನ ಕೆಲಸದ ಮನೆಯಲ್ಲಿ ಮಗಳು ಹೇಗೆ ಬಾಳಿಯಾಳೆಂಬ ದಿಗಿಲು. ಶರಣರ ಮನೆಯಲ್ಲಿಯೂ ಜಾತಿ ಹೊಸ್ತಿಲು ದಾಟಿ ಹೋಗಿರಲಿಲ್ಲ! ಲಂಕೇಶರ ‘ಸಂಕ್ರಾಂತಿ’ (1971) ಇನ್ನೂ ನಿಷ್ಠುರ. ಅಲ್ಲಿ ಉಜ್ಜನಿಗೆ ಮಗ ರುದ್ರ ಶರಣನಾದದ್ದು ಸೇರದು. ರುದ್ರನನ್ನು ಮೆಚ್ಚಿದ್ದ ಬ್ರಾಹ್ಮಣರ ಹುಡುಗಿ ಉಷಾಗೋ, ಶರಣನಾದ ಮೇಲೆ ತಾನು ಮೆಚ್ಚಿದ ಹುಡುಗನೇ ಸಿಗುವುದಿಲ್ಲ. ಸುಧಾರಣೆ ಮಾಡಹೊರಟವರು ಆ ಹುಡುಗಿಯ ಮನಸ್ಸನ್ನು ಕೇಳಿದರೇ?

ಇದೇ ಪ್ರಶ್ನೆ ಜರ್ಮನಿಯಲ್ಲಿಯೂ ಎದ್ದಿತ್ತು. ನೇಕಾರರ 1844ರ ದಂಗೆಯ ಮೇಲೆ ನಾಟಕ ಬರೆದ ಹಾಪ್ಟ್‌ಮನ್ನನೇ ಅದಕ್ಕೂ ಮುಂಚೆ ‘ಸೂರ್ಯೋದಯಕ್ಕೆ ಮುನ್ನ’ ಎಂಬುದನ್ನು ಬರೆದ. 1889ರಲ್ಲಿ ಬರ್ಲಿನ್ನಿನಲ್ಲಿ ಅದರ ಆಟವಾಯಿತು. ಸಿಲೇಸಿಯಾದ ಒಂದು ಹಳ್ಳಿ. ಹೊಲದ ಕೆಳಗೆ ಕಲ್ಲಿದ್ದಲು ಸಿಕ್ಕಿ ರೈತರು ದಿಢೀರ್ ಸಾಹುಕಾರರಾಗಿದ್ದಾರೆ. ಹೆಲೆನಳ ತಂದೆ ಹಗಲಿರುಳು ಕುಡುಕ. ಮಲತಾಯಿ ತನ್ನ ಕಡೆಯ ಹುಡುಗನಿಗೇ ಅವಳನ್ನು ಕಟ್ಟಲು ನೋಡುತ್ತಾಳೆ. ಆ ಮನೆಗೆ ಲೋಟ್ ಎಂಬ ಸಮಾಜವಾದಿ ಬರುತ್ತಾನೆ, ಗಣಿ ಕೂಲಿಗಳ ಸ್ಥಿತಿ ಅಭ್ಯಾಸ ಮಾಡಲು. ಇಬ್ಬರಲ್ಲಿ ಪ್ರೀತಿ ಹುಟ್ಟುತ್ತದೆ. ಆದರೆ ಕುಡಿತ ಆ ವಂಶದ ರಕ್ತದಲ್ಲಿಯೇ ಇದೆಯೆಂದು ಡಾಕ್ಟರ ಮಿತ್ರ ಹೇಳಿದ್ದೇ ತಡ, ಲೋಟ್ ಒಂದು ಕಾಗದ ಬರೆದಿಟ್ಟು, ಹುಡುಗಿಯ ಮುಖವನ್ನೂ ನೋಡದೆ ಹೊರಟುಬಿಡುತ್ತಾನೆ. ಹೆಲೆನ ಪ್ರಾಣ ಕಳೆದುಕೊಳ್ಳುತ್ತಾಳೆ.

ಕೂಲಿಗಳ ಪರವಾದವನು, ಓದಿದವನು, ಕುಡಿಯದವನು! ಕುಡಿತದ ಒಲವು ಕೊಂಚ ವಂಶದಲ್ಲಿ ಇಳಿಯಬಹುದು. ಅದು ಯಾರ ಹಣೆಬರಹವೂ ಅಲ್ಲವೆಂದು ಇಂದು ತಿಳಿದಿದೆ. ಅವನು ಶಾಸ್ತ್ರವೆಂದದ್ದನ್ನು ನಾವು ಇಲ್ಲಿ ಕುಲವೆನ್ನುತ್ತೇವೆ, ಅಷ್ಟೇ ಅಂತರ. ಸಭೆಯಲ್ಲಿ ಸಮಾನತೆಯ ಭಾಷಣ ಮಾಡಿ, ಮನೆಗೆ ಬಂದು ಒಳಪಂಗಡದಲ್ಲೇ ಕನ್ಯೆ ಹುಡುಕಿ, 1961ರಲ್ಲೇ ಕಾಯಿದೆ ನಿಷೇಧಿಸಿದ ವರದಕ್ಷಿಣೆಯನ್ನು ಎಣಿಸಿಕೊಳ್ಳುವ ಸಂಗಾತಿಗಳು ನಮ್ಮ ಪಕ್ಷದಲ್ಲಿಯೂ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು.

ಇನ್ನು ಕೆಲಸದ ಮಾತು. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಜಾತಿ, ಧರ್ಮ ಕೇಳುವುದಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಆದರೆ ನೋಟೀಸನ್ನು ಕಚೇರಿಯಲ್ಲಿ ಅಂಟಿಸಿ 30 ದಿನ ಕಾಯಬೇಕು. ಊರಿಗೆ ಸುದ್ದಿ ಹರಡಲು, ಮನೆಯವರು ಹುಡುಗಿಯನ್ನು ಕೂಡಿಹಾಕಲು ಅಷ್ಟು ದಿನ ಧಾರಾಳ. ವಯಸ್ಕರ ಮದುವೆಗೆ ಯಾವ ಪಂಚಾಯತಿಯೂ ಅಡ್ಡ ಬರಕೂಡದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಕೋರ್ಟಿನ ಮಾತು ಊರ ಕಟ್ಟೆಯವರೆಗೆ ತಾನಾಗಿ ನಡೆದು ಬರುವುದಿಲ್ಲ. ಆ ಮೂವತ್ತು ದಿನ ಅವರಿಗೊಂದು ಕೋಣೆ ಬೇಕು, ಕೂಲಿ ಬೇಕು, ಅಂಗಡಿಯಲ್ಲಿ ಉದ್ರಿ ಬೇಕು. ಕೊನೆಗೆ ಸಹಿ ಹಾಕಲು ಮೂವರು ಸಾಕ್ಷಿಗಳು ಬೇಕು.

ಗಿರಣಿಯವರಲ್ಲಿ ಯಾರು ಬರುತ್ತೀರಿ? ಅಂಗಡಿಕಾರರಲ್ಲಿ ಯಾರು ಉದ್ರಿ ಕೊಡುತ್ತೀರಿ? ಸಭೆ ಮುಗಿಯುವ ಮುಂಚೆ ಹೆಸರು ಬರೆಸಿರಿ.